ಎಂಜಿನ್ನಿನ ಉಷ್ಣಕ್ಕೊಂದು ಅಢಾವೆ ಪತ್ರಿಕೆ: ಸ್ವಯಂನಿರ್ಮಿತ ವಿಮಾನಗಳು ಕಲಿಸುವ ಪಾಠ

ವಾಣಿಜ್ಯ ಸಂಸ್ಥೆಯ ಮಾಸಪತ್ರಿಕೆಯಲ್ಲಿ ವಿಮಾನದ ಎಂಜಿನ್ನನ್ನು ಕುರಿತು, ಅದೂ ಲೆಕ್ಕ ಪರಿಶೋಧಕನೊಬ್ಬ ಬರೆದ ಲೇಖನವನ್ನು ಕಂಡು ಓದುಗರಿಗೆ ಆಶ್ಚರ್ಯವಾಗಬಹುದು. ಆದರೆ ಅಢಾವೆ ಪತ್ರಿಕೆಯನ್ನು ಸಿದ್ಧಪಡಿಸುವವರು ಲೆಕ್ಕಿಗರು ಮಾತ್ರವಲ್ಲ. ಎಂಜಿನ್ನೊಂದನ್ನು ಪರೀಕ್ಷೆಗೆ ಒಳಪಡಿಸಿದ ಮೇಲೆ ಎಂಜಿನಿಯರುಗಳೂ 'ಹೀಟ್ ಬ್ಯಾಲೆನ್ಸ್ ಶೀಟ್' ಎಂಬ ಪತ್ರಿಕೆಯನ್ನು ತಯಾರಿಸುತ್ತಾರೆ. ಸುಟ್ಟ ಇಂಧನದಿಂದ ದೊರೆತ ಶಕ್ತಿ ಒಂದು ಬದಿಗೆ. ಆ ಶಕ್ತಿ ಯಾವ ಯಾವ ದಾರಿಯಲ್ಲಿ ಹೋಯಿತೆಂಬ ವಿವರ ಇನ್ನೊಂದು ಬದಿಗೆ. ಎರಡೂ ಮೊತ್ತಗಳು ತಾಳೆಯಾಗಲೇಬೇಕು. ತಾಳೆಯಾಗದಿದ್ದರೆ ಎಲ್ಲೋ ಒಂದು ಬಾಬನ್ನು ಬರೆದಿಲ್ಲವೆಂದೇ ಅರ್ಥ. ನಮ್ಮ ವೃತ್ತಿಯಲ್ಲಿ ಬರೆಯದೆ ಬಿಟ್ಟ ಬಾಬು ನಷ್ಟಕ್ಕೋ ದಂಡಕ್ಕೋ ಕಾರಣವಾಗುತ್ತದೆ. ವಿಮಾನದಲ್ಲಿ ಅದು ಬೆಂಕಿಗೆ ಅಥವಾ ಸಾವಿಗೆ ಕಾರಣವಾಗಬಹುದು.

ಹವ್ಯಾಸಿಗಳು ತಮ್ಮ ಮನೆಯ ಗ್ಯಾರೇಜುಗಳಲ್ಲಿ ಕಟ್ಟಿಕೊಳ್ಳುವ ಸಣ್ಣ ವಿಮಾನಗಳಲ್ಲಿ ಈ ವಿಷಯ ಬಹಳ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ತಯಾರಕ, ಬಳಕೆದಾರ ಮತ್ತು ಪರಿಶೋಧಕ ಮೂವರೂ ಒಬ್ಬನೇ ಆಗಿರುತ್ತಾನೆ. ಆದುದರಿಂದ ಎಂಜಿನ್ನಿನ ಎಕ್ಸಾಸ್ಟ್ ಉಷ್ಣವನ್ನು ಅವರು ಹೇಗೆ ನಿಭಾಯಿಸುತ್ತಾರೆಂಬುದು ಕೊಳವೆ, ತಗಡು, ಬೆಸುಗೆ ಮತ್ತು ಯಂತ್ರೋಪಕರಣಗಳ ವ್ಯವಹಾರದಲ್ಲಿರುವ ನಮ್ಮ ಸಣ್ಣ ಉದ್ದಿಮೆದಾರರಿಗೂ ಉಪಯುಕ್ತವಾದ ವಿಷಯವೆಂದು ಭಾವಿಸಿ ಈ ಲೇಖನವನ್ನು ಬರೆಯಲಾಗಿದೆ.

ಸ್ವಯಂನಿರ್ಮಿತ ವಿಮಾನ ಎಂದರೇನು?

ಅಮೆರಿಕದ ವಿಮಾನಯಾನ ನಿಯಮಗಳಲ್ಲಿ 'ಎಕ್ಸ್‌ಪೆರಿಮೆಂಟಲ್ ಅಮೆಚೂರ್ ಬಿಲ್ಟ್' ಎಂಬ ಒಂದು ವರ್ಗವಿದೆ. ನಿರ್ಮಾಣಕಾರ್ಯದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಹವ್ಯಾಸಿಗಳು ತಮ್ಮ ಕಲಿಕೆಗಾಗಿ ಅಥವಾ ಸಂತೋಷಕ್ಕಾಗಿ ಸ್ವತಃ ಮಾಡಿದ್ದಲ್ಲಿ ಆ ವಿಮಾನ ಈ ವರ್ಗಕ್ಕೆ ಸೇರುತ್ತದೆ. ರೂಢಿಯಲ್ಲಿ ಇದನ್ನು 'ಶೇ. 51ರ ನಿಯಮ' ಎಂದು ಕರೆಯುತ್ತಾರೆ. ಷೇರು ಬಂಡವಾಳದಲ್ಲಿ ಶೇ. 51ರ ಮಹತ್ವವನ್ನು ಬಲ್ಲ ನಮ್ಮ ಓದುಗರಿಗೆ ಈ ಸಂಖ್ಯೆ ಅಪರಿಚಿತವೇನಲ್ಲ.

ಈ ಹವ್ಯಾಸಿಗಳ ಸಂಘಟನೆಯಾದ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ 1953ರಲ್ಲಿ ಪಾಲ್ ಪೊಬೆರೆಜ್ನಿ ಅವರ ನೇತೃತ್ವದಲ್ಲಿ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಲ್ಲಿ ಆರಂಭವಾಯಿತು. 1970ರಿಂದ ಅದರ ವಾರ್ಷಿಕ ಸಮಾವೇಶ ಅದೇ ರಾಜ್ಯದ ಆಷ್‌ಕಾಷ್ ಪಟ್ಟಣದಲ್ಲಿ ನಡೆಯುತ್ತ ಬಂದಿದೆ. ಕಿಟ್ ಮಾರಾಟದ ಉದ್ಯಮವೂ ಇದರ ಜೊತೆಯಲ್ಲಿಯೇ ಬೆಳೆದಿದೆ. ಓರೆಗಾನ್ ರಾಜ್ಯದ ವ್ಯಾನ್ಸ್ ಏರ್‌ಕ್ರಾಫ್ಟ್ ಸಂಸ್ಥೆಯ 'ಆರ್‌ವಿ' ಸರಣಿಯ ಕಿಟ್‌ಗಳಿಂದ ಕಟ್ಟಲ್ಪಟ್ಟು ಹಾರಿದ ವಿಮಾನಗಳ ಸಂಖ್ಯೆಯೇ 11,000ವನ್ನು ಮೀರಿದೆ. ನಮ್ಮ ದೇಶದಲ್ಲಿಯೂ ಮುಂಬೈಯ ವಿಮಾನಚಾಲಕ ಅಮೋಲ್ ಯಾದವ್ ಅವರು ತಮ್ಮ ವಸತಿ ಕಟ್ಟಡದ ಮಹಡಿಯ ಮೇಲೆ ಕಟ್ಟಿದ ವಿಮಾನವನ್ನು 2016ರ 'ಮೇಕ್ ಇನ್ ಇಂಡಿಯಾ' ಸಪ್ತಾಹದಲ್ಲಿ ಪ್ರದರ್ಶಿಸಿದ್ದನ್ನು ಓದುಗರು ನೆನಪಿಸಿಕೊಳ್ಳಬಹುದು.

ವಾಸ್ತವವಾಗಿ ಜಗತ್ತಿನ ಮೊದಲ ವಿಮಾನವೇ ಸ್ವಯಂನಿರ್ಮಿತವಾದುದು. ಡೇಟನ್ ನಗರದ ಸೈಕಲ್ ವ್ಯಾಪಾರಿಗಳಾದ ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನದ ಎಂಜಿನ್ನನ್ನು ಅವರ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ತಯಾರಿಸಿದ್ದರು. ಆ ಎಂಜಿನ್ನು ಚಾಲೂ ಆದ ಮೊದಲ ಕ್ಷಣಗಳಲ್ಲಿ ಸುಮಾರು 16 ಅಶ್ವಶಕ್ತಿಯನ್ನು ಕೊಡುತ್ತಿತ್ತು. ಒಳಬರುವ ಗಾಳಿ ಎಂಜಿನ್ನಿನ ಬಿಸಿಗೆ ಕಾದು ವಿರಳವಾಗುತ್ತಿದ್ದಂತೆ ಶಕ್ತಿ ಸುಮಾರು 12ಕ್ಕೆ ಇಳಿಯುತ್ತಿತ್ತು. ಉಷ್ಣವನ್ನು ಸರಿಯಾದ ದಾರಿಯಲ್ಲಿ ಕಳುಹಿಸದಿದ್ದರೆ ಅದು ಬಂಡವಾಳವನ್ನೇ ಕರಗಿಸುತ್ತದೆ ಎಂಬುದಕ್ಕೆ ವಿಮಾನಯಾನದ ಮೊದಲ ದಿನದಿಂದಲೇ ಈ ಉದಾಹರಣೆಯಿದೆ.

ಇಂಧನದ ಜಮಾ-ಖರ್ಚು

ಇಂದಿನ ಸ್ವಯಂನಿರ್ಮಿತ ವಿಮಾನಗಳಲ್ಲಿ ಬಹಳವಾಗಿ ಕಂಡುಬರುವ ಎಂಜಿನ್ನುಗಳಲ್ಲಿ ಪೆನ್ಸಿಲ್ವೇನಿಯಾದ ಲೈಕಮಿಂಗ್ ಸಂಸ್ಥೆಯ ಒ-360 ಒಂದು. ನಾಲ್ಕು ಸಿಲಿಂಡರುಗಳ, ಗಾಳಿಯಿಂದ ತಂಪಾಗುವ ಈ ಎಂಜಿನ್ನಿನ ಗರಿಷ್ಠ ಸಾಮರ್ಥ್ಯ 180 ಅಶ್ವಶಕ್ತಿ. ಸಾಮಾನ್ಯ ಹಾರಾಟದಲ್ಲಿ ಇದರ ಮುಕ್ಕಾಲು ಭಾಗವನ್ನು, ಅಂದರೆ 135 ಅಶ್ವಶಕ್ತಿ ಅಥವಾ ಸುಮಾರು 100 ಕಿಲೋವಾಟ್‌ಗಳನ್ನು ಬಳಸುತ್ತಾರೆ. ಆಗ ಗಂಟೆಗೆ ಸುಮಾರು 38 ಲೀಟರ್ ವಿಮಾನ ಪೆಟ್ರೋಲು ಖರ್ಚಾಗುತ್ತದೆ. ಒಂದು ಲೀಟರಿನಲ್ಲಿ ಸುಮಾರು 31 ಮೆಗಾಜೂಲ್ ಶಕ್ತಿಯಿರುವುದರಿಂದ ಒಟ್ಟು ಜಮೆ ಸುಮಾರು 330 ಕಿಲೋವಾಟ್ ಆಗುತ್ತದೆ. ಸ್ಥೂಲ ಅಂದಾಜಿನ ಮೇಲೆ ಇದರ ಖರ್ಚಿನ ಬದಿಯನ್ನು ಹೀಗೆ ಬರೆಯಬಹುದು:

ಪ್ರೊಪೆಲ್ಲರ್ ಶಾಫ್ಟಿಗೆ ದೊರೆತ ಕೆಲಸ – 100 ಕಿಲೋವಾಟ್
ಎಕ್ಸಾಸ್ಟ್ ಅನಿಲದೊಂದಿಗೆ ಹೊರಹೋದದ್ದು – 150 ಕಿಲೋವಾಟ್
ಸಿಲಿಂಡರುಗಳನ್ನು ತಂಪುಗೊಳಿಸುವ ಗಾಳಿಗೆ – 40 ಕಿಲೋವಾಟ್
ಎಂಜಿನ್ ಆಯಿಲಿಗೆ – 15 ಕಿಲೋವಾಟ್
ಪೂರ್ತಿ ಉರಿಯದ ಇಂಧನ ಮತ್ತು ಇತರೆ – 25 ಕಿಲೋವಾಟ್
ಒಟ್ಟು – 330 ಕಿಲೋವಾಟ್

ಈ ಪಟ್ಟಿಯಲ್ಲಿ ಅತಿ ದೊಡ್ಡ ಬಾಬು ಲಾಭದ್ದಲ್ಲ, ಎಕ್ಸಾಸ್ಟಿನದು ಎಂಬುದನ್ನು ಗಮನಿಸಬೇಕು. 38 ಲೀಟರಿನಲ್ಲಿ ಸುಮಾರು 17 ಲೀಟರಿನಷ್ಟು ಇಂಧನ ಹೊಗೆಕೊಳವೆಯ ಮೂಲಕ ಬಿಸಿಯಾಗಿ ಹೊರಹೋಗುತ್ತದೆ. ಮನೆಯ ಸ್ನಾನಗೃಹದ 2 ಕಿಲೋವಾಟ್ ಗೀಸರುಗಳನ್ನು 75ರಷ್ಟು ಒಟ್ಟಿಗೆ ಹಾಕಿದರೆ ಎಷ್ಟು ಬಿಸಿಯೋ ಅಷ್ಟು ಬಿಸಿ, ಸುಮಾರು 44 ಮಿಲಿಮೀಟರ್ ವ್ಯಾಸದ, ಒಂದು ಮಿಲಿಮೀಟರಿಗಿಂತಲೂ ತೆಳುವಾದ ನಾಲ್ಕು ಕೊಳವೆಗಳಲ್ಲಿ ಹರಿಯುತ್ತದೆ. ಆ ಕೊಳವೆಗಳಿಂದ ಒಂದು ಗೇಣಿನ ಒಳಗೆ ಪೆಟ್ರೋಲಿನ ರಬ್ಬರ್ ಹೋಸು, ವಿದ್ಯುತ್ ತಂತಿಗಳು, ಫೈಬರ್‌ಗ್ಲಾಸಿನ ಹೊದಿಕೆ ಇರುತ್ತವೆ. ಅದರ ಹಿಂದಿನ ಉಕ್ಕಿನ ತಗಡಿನ ಗೋಡೆಯಾಚೆಗೆ ಚಾಲಕನ ಕಾಲುಗಳಿರುತ್ತವೆ. ಸಮಸ್ಯೆಯ ಸ್ವರೂಪ ಇದು.

ಅಳತೆಯೇ ಮೊದಲ ಹೆಜ್ಜೆ

ಯಾವುದೇ ವೆಚ್ಚವನ್ನು ನಿಯಂತ್ರಿಸಬೇಕಾದರೆ ಮೊದಲು ಅದನ್ನು ಅಳೆಯಬೇಕು. ಪ್ರತಿ ಸಿಲಿಂಡರಿನ ಎಕ್ಸಾಸ್ಟ್ ಕೊಳವೆಯಲ್ಲಿ, ಹೆಡ್‌ನಿಂದ ಕೆಲವು ಅಂಗುಲ ಕೆಳಗೆ, ಸಣ್ಣ ರಂಧ್ರ ಕೊರೆದು ಥರ್ಮೋಕಪಲ್ ಎಂಬ ತಾಪಸಂವೇದಕವನ್ನು ಕೂರಿಸುತ್ತಾರೆ. ಕ್ರೋಮೆಲ್ ಮತ್ತು ಅಲ್ಯೂಮೆಲ್ ಎಂಬ ಎರಡು ಮಿಶ್ರಲೋಹಗಳ ತಂತಿಗಳನ್ನು ಸೇರಿಸಿ ಮಾಡಿದ ಈ ಸರಳ ಸಾಧನವನ್ನು ನಮ್ಮ ಹೀಟ್ ಟ್ರೀಟ್‌ಮೆಂಟ್ ಕುಲುಮೆಗಳಲ್ಲಿಯೂ ಬಳಸುತ್ತಾರೆ. ವಿಮಾನದ ಎಂಜಿನ್ನಿನಲ್ಲಿ ಇದು ತೋರಿಸುವ ಅನಿಲದ ತಾಪಮಾನ ಸಾಮಾನ್ಯವಾಗಿ 700ರಿಂದ 870 ಡಿಗ್ರಿ ಸೆಲ್ಸಿಯಸ್‌ನಷ್ಟಿರುತ್ತದೆ.

ಇಲ್ಲಿ ಹೊಸಬರು ಮಾಡುವ ಒಂದು ತಪ್ಪಿದೆ. ಅನಿಲದ ತಾಪಮಾನದ ಅಂಕಿಯೊಂದನ್ನೇ ನೋಡಿ ಗಾಬರಿಗೊಳ್ಳುವುದು ಅಥವಾ ನೆಮ್ಮದಿಗೊಳ್ಳುವುದು ಸರಿಯಲ್ಲ. ಸಂವೇದಕವನ್ನು ಒಂದು ಅಂಗುಲ ಮೇಲೆ ಅಥವಾ ಕೆಳಗೆ ಕೂರಿಸಿದರೂ ಅಂಕಿ ಬದಲಾಗುತ್ತದೆ. ಇಂಧನ ಮತ್ತು ಗಾಳಿಯ ಮಿಶ್ರಣವನ್ನು ಚಾಲಕ ಕ್ರಮೇಣ ತೆಳುವಾಗಿಸುತ್ತ ಹೋದಂತೆ ತಾಪಮಾನ ಒಂದು ಶಿಖರಕ್ಕೆ ಏರಿ ಮತ್ತೆ ಇಳಿಯುತ್ತದೆ. ಆ ಶಿಖರದಿಂದ ನಾವು ಯಾವ ಬದಿಗೆ ಎಷ್ಟು ದೂರದಲ್ಲಿದ್ದೇವೆ ಎಂಬುದೇ ಮುಖ್ಯವಾದ ಮಾಹಿತಿ. ಶಿಖರದ ಸಮೃದ್ಧ ಬದಿಯಲ್ಲಿ ಹೆಚ್ಚುವರಿ ಇಂಧನವು ಎಂಜಿನ್ನನ್ನು ತಂಪಾಗಿಡುತ್ತದೆ, ಆದರೆ ಹಣ ವ್ಯರ್ಥವಾಗುತ್ತದೆ ಮತ್ತು ಅನಿಲದಲ್ಲಿ ಕಾರ್ಬನ್ ಮೊನಾಕ್ಸೈಡಿನ ಪ್ರಮಾಣ ಹೆಚ್ಚುತ್ತದೆ. ತೆಳು ಬದಿಯಲ್ಲಿ ಇಂಧನವೂ ಉಳಿಯುತ್ತದೆ, ಈ ವಿಷಾನಿಲವೂ ಬಹಳ ಕಡಿಮೆಯಾಗುತ್ತದೆ. ಆದರೆ ನಾಲ್ಕೂ ಸಿಲಿಂಡರುಗಳಿಗೆ ಇಂಧನ ಸಮನಾಗಿ ಹಂಚಿಕೆಯಾಗದಿದ್ದರೆ ಎಂಜಿನ್ನು ಒದರತೊಡಗುತ್ತದೆ.

ಬಾಳಿಕೆಯ ದೃಷ್ಟಿಯಿಂದ ಹೆಚ್ಚು ನಂಬತಕ್ಕ ಅಂಕಿಯೆಂದರೆ ಸಿಲಿಂಡರ್ ಹೆಡ್‌ನ ತಾಪಮಾನ. ಲೈಕಮಿಂಗ್ ಎಂಜಿನ್ನುಗಳಲ್ಲಿ ಇದರ ಮೇಲ್ಮಿತಿ 260 ಡಿಗ್ರಿ ಸೆಲ್ಸಿಯಸ್. ಆದರೆ ದೀರ್ಘ ಬಾಳಿಕೆ ಬೇಕೆನ್ನುವವರು ಹಾರಾಟದಲ್ಲಿ 224 ಡಿಗ್ರಿಯನ್ನು, ಮಿತವ್ಯಯದ ಹಾರಾಟದಲ್ಲಿ 205 ಡಿಗ್ರಿಯನ್ನು ಮೀರಬಾರದೆಂದು ತಯಾರಕರೇ ಸಲಹೆ ಮಾಡಿದ್ದಾರೆ. ಅಲ್ಯೂಮಿನಿಯಂ ಬಿಸಿಯಾದಂತೆ ತನ್ನ ಬಲವನ್ನು ಕಳೆದುಕೊಳ್ಳುವುದೇ ಇದಕ್ಕೆ ಕಾರಣ. 2,000 ಗಂಟೆಗಳ ಓವರ್‌ಹಾಲ್ ಅವಧಿಯುಳ್ಳ ಎಂಜಿನ್ನಿನ ಸವಕಳಿಯನ್ನು ಗಂಟೆಯ ಲೆಕ್ಕದಲ್ಲಿ ಮಾತ್ರ ಬರೆದರೆ ಸಾಲದು. ಅದು ಎಷ್ಟು ಬಿಸಿಯಲ್ಲಿ ದುಡಿಯಿತು ಎಂಬುದನ್ನೂ ಪರಿಗಣಿಸಬೇಕಾಗುತ್ತದೆ. ಕಾನೂನಿನ ಮಿತಿಯೊಳಗೆ ಇರುವುದಕ್ಕೂ ವಿವೇಕದ ಮಿತಿಯೊಳಗೆ ಇರುವುದಕ್ಕೂ ಇರುವ ವ್ಯತ್ಯಾಸ ಇಲ್ಲಿಯೂ ಇದೆ.

ಕೊಳವೆಯ ಲೋಹ ಮತ್ತು ಹಿಗ್ಗುವಿಕೆ

ಎಕ್ಸಾಸ್ಟ್ ಕೊಳವೆಗಳಿಗೆ ಸ್ಟೇನ್‌ಲೆಸ್ ಸ್ಟೀಲ್ ಬೇಕೆಂಬುದು ಎಲ್ಲರಿಗೂ ತಿಳಿದಿದೆ. ಆದರೆ ಯಾವ ದರ್ಜೆಯದು ಎಂಬುದರಲ್ಲಿ ವ್ಯತ್ಯಾಸವಿದೆ. ನಮ್ಮ ಪಾತ್ರೆಪಡಗಗಳಲ್ಲಿ ಬಳಕೆಯಲ್ಲಿರುವ 304 ದರ್ಜೆಯ ಉಕ್ಕನ್ನು ಸುಮಾರು 425ರಿಂದ 815 ಡಿಗ್ರಿಗಳ ನಡುವೆ ಬಹುಕಾಲ ಇರಿಸಿದರೆ ಅದರಲ್ಲಿನ ಇಂಗಾಲವು ಕ್ರೋಮಿಯಂನೊಂದಿಗೆ ಸೇರಿ ಲೋಹದ ಕಣಗಳ ಅಂಚಿನಲ್ಲಿ ಕೂಡಿಕೊಳ್ಳುತ್ತದೆ. ತುಕ್ಕನ್ನು ತಡೆಯಬೇಕಾದ ಕ್ರೋಮಿಯಂ ಹೀಗೆ ಅಂಚುಗಳಲ್ಲಿ ಕಡಿಮೆಯಾಗಿ ಅಲ್ಲಿಂದಲೇ ಬಿರುಕು ಆರಂಭವಾಗುತ್ತದೆ. 321 ದರ್ಜೆಯಲ್ಲಿ ಸ್ವಲ್ಪ ಟೈಟೇನಿಯಂ ಬೆರೆಸಿರುತ್ತಾರೆ. ಅದು ಇಂಗಾಲವನ್ನು ತಾನೇ ಹಿಡಿದಿಟ್ಟುಕೊಂಡು ಕ್ರೋಮಿಯಂ ಅನ್ನು ಉಳಿಸುತ್ತದೆ. ಬೆಲೆ ಹೆಚ್ಚಾದರೂ ವಿಮಾನದ ಕೊಳವೆಗಳಿಗೆ ಇದನ್ನೇ ಆರಿಸಿಕೊಳ್ಳುವುದು ಈ ಕಾರಣದಿಂದ. ಟರ್ಬೋ ಎಂಜಿನ್ನುಗಳ ಇನ್ನೂ ಹೆಚ್ಚಿನ ಬಿಸಿಗೆ ಇಂಕೊನೆಲ್ ಎಂಬ ನಿಕ್ಕಲ್ ಮಿಶ್ರಲೋಹವನ್ನು ಬಳಸುವುದುಂಟು.

ಎರಡನೆಯ ವಿಷಯ ಹಿಗ್ಗುವಿಕೆ. ಒಂದು ಮೀಟರ್ ಉದ್ದದ ಸ್ಟೇನ್‌ಲೆಸ್ ಕೊಳವೆಯ ತಾಪಮಾನ 700 ಡಿಗ್ರಿಯಷ್ಟು ಏರಿದರೆ ಅದು ಸುಮಾರು 12 ಮಿಲಿಮೀಟರ್ ಉದ್ದವಾಗುತ್ತದೆ. ಈ 12 ಮಿಲಿಮೀಟರಿಗೆ ಜಾಗ ಕೊಡದೆ ಎರಡೂ ತುದಿಯನ್ನು ಬಿಗಿದರೆ ಪ್ರತಿ ಹಾರಾಟದಲ್ಲಿಯೂ ಲೋಹ ಒಮ್ಮೆ ಹಿಂಡಿಸಿಕೊಂಡು ಒಮ್ಮೆ ಎಳೆಸಿಕೊಂಡು ಕೊನೆಗೆ ಬೆಸುಗೆಯ ಬದಿಯಲ್ಲಿ ಸೀಳುತ್ತದೆ. ಆದುದರಿಂದ ಕೊಳವೆಗಳನ್ನು ಒಂದರೊಳಗೊಂದು ಜಾರುವಂತೆ ಜೋಡಿಸುತ್ತಾರೆ. ಜೊತೆಗೆ ಎಂಜಿನ್ನು ರಬ್ಬರಿನ ಆಧಾರಗಳ ಮೇಲೆ ಸದಾ ಅದುರುತ್ತಿರುತ್ತದೆ, ವಿಮಾನದ ಮೈ ಅದರೊಂದಿಗೆ ಅದುರುವುದಿಲ್ಲ. ಆದಕಾರಣ ಕೊಳವೆಯನ್ನು ವಿಮಾನದ ಮೈಗೆ ಬಿಗಿಯದೆ ಎಂಜಿನ್ನಿನಿಂದಲೇ ತೂಗುಹಾಕಬೇಕೆಂಬುದು ಅನುಭವಸ್ಥರ ಮಾತು.

ಬೆಸುಗೆ ಹಾಕುವಾಗ ಕೊಳವೆಯ ಒಳಭಾಗಕ್ಕೂ ಆರ್ಗಾನ್ ಅನಿಲ ತುಂಬಬೇಕು. ಇಲ್ಲವಾದರೆ ಒಳಗಿನ ಲೋಹ ಗಾಳಿಯೊಂದಿಗೆ ಸೇರಿ ಸಕ್ಕರೆಯಂತೆ ಹರಳುಗಟ್ಟಿ ದುರ್ಬಲವಾಗುತ್ತದೆ. ಹೊರಗಿನಿಂದ ನೋಡಿದರೆ ಬೆಸುಗೆ ಸೊಗಸಾಗಿಯೇ ಇರುತ್ತದೆ. ಇನ್ನೊಂದು ಎಚ್ಚರಿಕೆ ಸಣ್ಣದಾದರೂ ಮಹತ್ವದ್ದು. ಎಕ್ಸಾಸ್ಟ್ ಕೊಳವೆಯ ಮೇಲೆ ಸೀಸದ ಕಡ್ಡಿಯಿಂದ, ಅಂದರೆ ಸಾಮಾನ್ಯ ಪೆನ್ಸಿಲಿನಿಂದ ಗುರುತು ಹಾಕಬಾರದು. ಸತುವಿನ ಲೇಪವಿರುವ ಉಪಕರಣಗಳನ್ನು ಅದಕ್ಕೆ ತಾಗಿಸಬಾರದು. ಬಿಸಿಯಾದಾಗ ಆ ಇಂಗಾಲ ಅಥವಾ ಸತುವು ಉಕ್ಕಿನೊಳಗೆ ಇಳಿದು ಗುರುತಿನ ಗೆರೆಯ ಮೇಲೆಯೇ ಬಿರುಕು ಹುಟ್ಟಿಸುತ್ತದೆ.

ಮುಚ್ಚಿಡುವುದು ಪರಿಹಾರವಲ್ಲ

ಮೋಟಾರ್ ಸೈಕಲ್ ಹಾಗೂ ರೇಸಿಂಗ್ ಕಾರುಗಳ ಕೊಳವೆಗಳಿಗೆ ಗಾಜಿನ ನಾರಿನ ಪಟ್ಟಿಯನ್ನು ಸುತ್ತುವ ಪದ್ಧತಿಯಿದೆ. ಸ್ವಯಂನಿರ್ಮಿತ ವಿಮಾನದವರಲ್ಲಿ ಕೆಲವರು ಇದನ್ನು ಅನುಕರಿಸುತ್ತಾರೆ. ಪಟ್ಟಿ ಸುತ್ತಿದ ಕೂಡಲೇ ಎಂಜಿನ್ ಕೋಣೆಯ ತಾಪಮಾನ ಇಳಿಯುವುದು ನಿಜ. ಆದರೆ ಆ ಉಷ್ಣ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಯನ್ನು ಕೇಳಲೇಬೇಕು. ಅದು ಲೋಹದಲ್ಲಿಯೇ ಉಳಿಯುತ್ತದೆ. ಮೊದಲು ಹೊರಗಿನ ಗಾಳಿಗೆ ಬಿಸಿಯನ್ನು ಬಿಟ್ಟುಕೊಟ್ಟು ಅನಿಲಕ್ಕಿಂತ ಎಷ್ಟೋ ತಂಪಾಗಿರುತ್ತಿದ್ದ ಕೊಳವೆಯ ಗೋಡೆ ಈಗ ಅನಿಲದ ತಾಪಮಾನದ ಸಮೀಪಕ್ಕೆ ಬರುತ್ತದೆ. ಇದಲ್ಲದೆ ಪಟ್ಟಿಯು ತೇವವನ್ನು ಹಿಡಿದಿಡುತ್ತದೆ, ಬಿರುಕು ಬಿಟ್ಟರೆ ಅದನ್ನು ಮರೆಮಾಡುತ್ತದೆ. ಬಾಬನ್ನು ಲೆಕ್ಕದಿಂದ ತೆಗೆದಂತೆ ಕಂಡರೂ ಅದು ಬೇರೊಂದು ಖಾತೆಗೆ ಹೋಗಿ ಕುಳಿತಿರುತ್ತದೆ, ಅಷ್ಟೇ. ಆದಕಾರಣವೇ ಅನುಭವಿ ನಿರ್ಮಾಪಕರು ವಿಮಾನದ ಎಂಜಿನ್ನಿನಲ್ಲಿ ಈ ಪಟ್ಟಿ ಬೇಡವೆನ್ನುತ್ತಾರೆ.

ಇದಕ್ಕೆ ಬದಲಾಗಿ ಅವರು ಸೂಚಿಸುವುದು ಉಷ್ಣಕವಚವನ್ನು. ಇದು ಕೊಳವೆಯಿಂದ ಸುಮಾರು ಅರ್ಧ ಅಂಗುಲ ದೂರದಲ್ಲಿ, ಹೋಸು ಅಥವಾ ತಂತಿಯಿರುವ ಬದಿಗೆ ಮಾತ್ರ, ಕ್ಲಾಂಪಿನಿಂದ ಕೂರಿಸಿದ ತೆಳು ಸ್ಟೇನ್‌ಲೆಸ್ ತಗಡು. ಬಿಸಿ ವಸ್ತುವಿನಿಂದ ಹೊರಡುವ ವಿಕಿರಣವು ಅದರ ನಿರಪೇಕ್ಷ ತಾಪಮಾನದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. 450 ಡಿಗ್ರಿಯ ಕೊಳವೆ 600 ಡಿಗ್ರಿಗೆ ಏರಿದರೆ ಅದು ಎರಚುವ ಬಿಸಿ ಎರಡು ಪಟ್ಟನ್ನು ಮೀರುತ್ತದೆ. ನಡುವೆ ಒಂದು ತಗಡನ್ನು ನಿಲ್ಲಿಸಿದರೆ ಆಚೆಯ ವಸ್ತುವಿಗೆ ತಲಪುವ ವಿಕಿರಣ ಸರಿಸುಮಾರು ಅರ್ಧದಷ್ಟಾಗುತ್ತದೆ, ತಗಡು ಹೊಳಪಾಗಿದ್ದರೆ ಇನ್ನೂ ಕಡಿಮೆ. ತಗಡಿನ ಎರಡೂ ಬದಿಗೆ ಗಾಳಿ ಹರಿಯುವುದರಿಂದ ಕೊಳವೆಯೂ ತನ್ನ ಬಿಸಿಯನ್ನು ಬಿಟ್ಟುಕೊಡುತ್ತಿರುತ್ತದೆ. ಕ್ಲಾಂಪನ್ನು ಸಡಿಲಿಸಿದರೆ ಕೊಳವೆಯನ್ನು ಕಣ್ಣಾರೆ ಪರೀಕ್ಷಿಸಬಹುದು.

ಪೆಟ್ರೋಲಿನ ಹೋಸುಗಳಿಗೆ ಬೆಂಕಿನಿರೋಧಕ ತೋಳುಗಳನ್ನು ತೊಡಿಸುವುದು, ಇಂಧನ ಪಂಪಿನ ಮೇಲೆ ತಂಪುಗಾಳಿ ಬೀಳುವಂತೆ ಸಣ್ಣ ನಳಿಕೆಯನ್ನು ಹಾಯಿಸುವುದು, ಹೊದಿಕೆಯ ಒಳಮೈಗೆ ಬಿಸಿಯನ್ನು ಪ್ರತಿಫಲಿಸುವ ಹಾಳೆಯನ್ನು ಅಂಟಿಸುವುದು ಉಳಿದ ಕ್ರಮಗಳು. ಹೋಸು ಕಾದರೆ ಒಳಗಿನ ಪೆಟ್ರೋಲು ಆವಿಯಾಗಿ ಎಂಜಿನ್ನು ನಡುಹಾದಿಯಲ್ಲಿ ನಿಲ್ಲಬಹುದು. ಸಾಮಾನ್ಯ ತಾಪಮಾನದಲ್ಲಿ ಗಟ್ಟಿಯಾಗುವ ಎಪಾಕ್ಸಿ ರಾಳದಿಂದ ಮಾಡಿದ ಹೊದಿಕೆಯಾದರೆ ನೀರು ಕುದಿಯುವಷ್ಟು ಬಿಸಿಯನ್ನೂ ತಾಳಲಾರದೆ ಮೆತ್ತಗಾಗಬಹುದು.

ಚಳಿಗೆ ಹಾಕಿದ ಹೀಟರು, ಕಾಣದ ವಿಷ

ಎಕ್ಸಾಸ್ಟಿನ ಉಷ್ಣವನ್ನು ಪುಕ್ಕಟೆಯಾಗಿ ಬಳಸಿಕೊಳ್ಳುವ ಒಂದು ಹಳೆಯ ವಿಧಾನವಿದೆ. ಕೊಳವೆ ಅಥವಾ ಸೈಲೆನ್ಸರಿನ ಸುತ್ತ ತಗಡಿನ ಡಬ್ಬಿಯೊಂದನ್ನು ಕಟ್ಟಿ, ಅದರೊಳಗೆ ಹಾಯ್ದು ಬಿಸಿಯಾದ ಗಾಳಿಯನ್ನು ಚಾಲಕನ ಕೋಣೆಗೆ ಬಿಡುತ್ತಾರೆ. ಚಳಿದೇಶಗಳಲ್ಲಿ ಇದು ಅನಿವಾರ್ಯ. ಆದರೆ ಆ ಡಬ್ಬಿಯೊಳಗಿನ ಕೊಳವೆಯಲ್ಲಿ ಕೂದಲೆಳೆಯ ಬಿರುಕು ಬಿದ್ದರೂ ಬಿಸಿಗಾಳಿಯೊಂದಿಗೆ ಕಾರ್ಬನ್ ಮೊನಾಕ್ಸೈಡ್ ಒಳಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಮಂಕು. ತಾನು ಸರಿಯಾಗಿ ಯೋಚಿಸುತ್ತಿಲ್ಲವೆಂಬ ಅರಿವೇ ಚಾಲಕನಿಗೆ ಆಗುವುದಿಲ್ಲ.

2019ರ ಜನವರಿ 21ರಂದು ಫ್ರಾನ್ಸಿನ ನಾಂತ್‌ನಿಂದ ಬ್ರಿಟನ್ನಿನ ಕಾರ್ಡಿಫ್‌ಗೆ ಹೊರಟಿದ್ದ ಪೈಪರ್ ಮಾಲಿಬು ವಿಮಾನ ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಪತನವಾಯಿತು. ಅದರಲ್ಲಿದ್ದ ಅರ್ಜೆಂಟೀನಾದ ಫುಟ್‌ಬಾಲ್ ಆಟಗಾರ ಎಮಿಲಿಯಾನೊ ಸಾಲಾ ಹಾಗೂ ಚಾಲಕ ಇಬ್ಬರೂ ಮೃತಪಟ್ಟರು. ಸಾಲಾ ಅವರ ರಕ್ತಪರೀಕ್ಷೆಯಲ್ಲಿ ಕಾರ್ಬನ್ ಮೊನಾಕ್ಸೈಡಿನೊಂದಿಗೆ ಸೇರಿದ ಹಿಮೊಗ್ಲೋಬಿನ್ ಶೇ. 58ರಷ್ಟಿತ್ತು. ಚಾಲಕನೂ ಈ ವಿಷದ ಪ್ರಭಾವಕ್ಕೆ ಒಳಗಾಗಿದ್ದ ಸಂಭವವಿದೆಯೆಂದು ಬ್ರಿಟನ್ನಿನ ತನಿಖಾ ಸಂಸ್ಥೆ 2020ರ ಮಾರ್ಚ್‌ನಲ್ಲಿ ವರದಿ ಮಾಡಿತು. ಅದು ಸ್ವಯಂನಿರ್ಮಿತ ವಿಮಾನವಲ್ಲ, ಕಾರ್ಖಾನೆಯಲ್ಲಿ ತಯಾರಾದುದು. ಪ್ರಮಾಣಪತ್ರವಿದ್ದ ವಿಮಾನಕ್ಕೇ ಹೀಗಾಗಬಹುದಾದರೆ ಮನೆಯಲ್ಲಿ ಕಟ್ಟಿದವನು ಎಷ್ಟು ಜಾಗರೂಕನಾಗಿರಬೇಕೆಂಬುದನ್ನು ಊಹಿಸಬಹುದು.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು 2022ರಲ್ಲಿ ಹೊರಡಿಸಿದ ಶಿಫಾರಸಿನಲ್ಲಿ 1982ರಿಂದ 2020ರವರೆಗೆ ಕಾರ್ಬನ್ ಮೊನಾಕ್ಸೈಡಿನಿಂದಾದ 31 ಅಪಘಾತಗಳನ್ನು ಗುರುತಿಸಿತು. ಅವುಗಳಲ್ಲಿ 42 ಮಂದಿ ಸತ್ತಿದ್ದರು. ಆ ವಿಮಾನಗಳ ಪೈಕಿ ವಿಷಾನಿಲ ಸೂಚಕವಿದ್ದುದು ಒಂದರಲ್ಲಿ ಮಾತ್ರ. ಶಬ್ದ ಮಾಡಿ ಎಚ್ಚರಿಸುವ ಎಲೆಕ್ಟ್ರಾನಿಕ್ ಸೂಚಕದ ಬೆಲೆ ವಿಮಾನದ ವೆಚ್ಚದ ಮುಂದೆ ಲೆಕ್ಕಕ್ಕೇ ಬಾರದಷ್ಟು. ಇಷ್ಟು ಸಣ್ಣ ವಿಮಾಕಂತನ್ನು ಕಟ್ಟದೆ ಇಷ್ಟು ದೊಡ್ಡ ಹೊಣೆಯನ್ನು ಹೊರುವುದನ್ನು ಯಾವ ಲೆಕ್ಕಿಗನೂ ಸಮರ್ಥಿಸಲಾರ.

ತನ್ನ ಲೆಕ್ಕವನ್ನು ತಾನೇ ಪರಿಶೋಧಿಸುವವನು

ಸ್ವಯಂನಿರ್ಮಿತ ವಿಮಾನವನ್ನು 12 ತಿಂಗಳಿಗೊಮ್ಮೆ ಪೂರ್ಣ ತಪಾಸಣೆಗೆ ಒಳಪಡಿಸಬೇಕೆಂಬುದು ಅಮೆರಿಕದ ನಿಯಮ. ವಿಮಾನವನ್ನು ಕಟ್ಟಿದ ಮುಖ್ಯ ನಿರ್ಮಾಪಕನು 'ರಿಪೇರ್‌ಮನ್' ಪ್ರಮಾಣಪತ್ರವನ್ನು ಪಡೆದುಕೊಂಡರೆ ತನ್ನ ವಿಮಾನದ ತಪಾಸಣೆಯನ್ನು ತಾನೇ ಮಾಡಿ ಸಹಿ ಹಾಕಬಹುದು. ಈ ಅಧಿಕಾರ ಅವನು ಕಟ್ಟಿದ ಆ ಒಂದು ವಿಮಾನಕ್ಕೆ ಮಾತ್ರ ಸೀಮಿತ.

ಲೆಕ್ಕ ಬರೆದವನೇ ಲೆಕ್ಕವನ್ನು ಪರಿಶೋಧಿಸಬಾರದೆಂಬುದು ನಮ್ಮ ವೃತ್ತಿಯ ಮೊದಲ ಪಾಠ. ಆದುದರಿಂದ ಈ ವ್ಯವಸ್ಥೆಯನ್ನು ಓದಿದಾಗ ನನಗೆ ಮೊದಲು ಕಸಿವಿಸಿಯೇ ಆಯಿತು. ಆದರೆ ಇದಕ್ಕೆ ಇನ್ನೊಂದು ಮುಖವಿದೆ. ಅಲ್ಲಿನ ಪರಿಶೋಧಕ ತನ್ನ ತಪ್ಪಿಗೆ ತಾನೇ ತಲೆ ಕೊಡುತ್ತಾನೆ, ಪಕ್ಕದ ಆಸನದಲ್ಲಿ ತನ್ನ ಹೆಂಡತಿಯನ್ನೋ ಮಗನನ್ನೋ ಕೂರಿಸಿಕೊಳ್ಳುತ್ತಾನೆ. ಅಲ್ಲದೆ ಬೇರೆ ತಡೆಗಳೂ ಇವೆ. ಹಾರಾಟದ ಅನುಮತಿಗೆ ಮೊದಲು ಸರ್ಕಾರದ ಪರವಾಗಿ ಒಬ್ಬರು ವಿಮಾನವನ್ನು ನೋಡುತ್ತಾರೆ. ಪ್ರಮಾಣೀಕೃತ ಎಂಜಿನ್ನು ಮತ್ತು ಪ್ರೊಪೆಲ್ಲರ್ ಇದ್ದಲ್ಲಿ 25 ಗಂಟೆ, ಇಲ್ಲವಾದಲ್ಲಿ 40 ಗಂಟೆಗಳ ಪರೀಕ್ಷಾ ಹಾರಾಟವನ್ನು ನಿಗದಿತ ಪ್ರದೇಶದಲ್ಲಿ ಪ್ರಯಾಣಿಕರಿಲ್ಲದೆ ನಡೆಸುವುದು ಬಹುಕಾಲದ ಪದ್ಧತಿ. ಈ ವಿಮಾನವು ಸಾಮಾನ್ಯ ವಿಮಾನಗಳ ಸುರಕ್ಷತಾ ನಿಯಮಗಳಿಗೆ ಒಳಪಟ್ಟದ್ದಲ್ಲವೆಂಬ ಸೂಚನೆಯನ್ನು ಪ್ರಯಾಣಿಕರಿಗೆ ಕಾಣುವಂತೆ ಒಳಗೆ ಅಂಟಿಸಬೇಕು. ಸಂಘದ ಅನುಭವಿ ಸದಸ್ಯರು ನಿರ್ಮಾಣದ ಹಂತದಲ್ಲಿಯೇ ಬಂದು ಉಚಿತವಾಗಿ ಪರಿಶೀಲಿಸುವ ವ್ಯವಸ್ಥೆಯೂ ಇದೆ. ಸರ್ಕಾರ ವಿಧಿಸದಿದ್ದರೂ ಸಂಘಟನೆಯೇ ನಡೆಸಿಕೊಂಡು ಬಂದಿರುವ ಈ ಪರಸ್ಪರ ಪರಿಶೋಧನೆ ನಮ್ಮ ವಾಣಿಜ್ಯ ಸಂಸ್ಥೆಗಳು ಯೋಚಿಸತಕ್ಕ ವಿಷಯ.

ಎಕ್ಸಾಸ್ಟ್ ತಪಾಸಣೆ ಕಷ್ಟದ್ದೇನಲ್ಲ. ಹೀಟರಿನ ಡಬ್ಬಿಯನ್ನು ಬಿಚ್ಚಿ ಒಳಗಿನ ಕೊಳವೆಯನ್ನು ದೀಪದ ಬೆಳಕಿನಲ್ಲಿ ನೋಡಬೇಕು. ಜೋಡಣೆಗಳ ಬಳಿ ಬೂದು ಅಥವಾ ಕಪ್ಪು ಬಣ್ಣದ ಗೆರೆಯಿದ್ದರೆ ಅನಿಲ ಸೋರುತ್ತಿದೆಯೆಂದು ಅರ್ಥ. ಎಂಜಿನ್ನು ತಣ್ಣಗಿರುವಾಗ ವ್ಯಾಕ್ಯೂಮ್ ಕ್ಲೀನರಿನ ಗಾಳಿ ಊದುವ ಬದಿಯನ್ನು ಕೊಳವೆಯ ಬಾಯಿಗೆ ಸೇರಿಸಿ, ಬೆಸುಗೆಗಳ ಮೇಲೆ ಸಾಬೂನಿನ ನೀರನ್ನು ಸವರಿದರೆ ಬಿರುಕಿದ್ದಲ್ಲಿ ಗುಳ್ಳೆಯೇಳುತ್ತದೆ. ಪಂಕ್ಚರ್ ಅಂಗಡಿಯ ಹುಡುಗನಿಗೂ ತಿಳಿದಿರುವ ಈ ಪರೀಕ್ಷೆಗೆ ಅರ್ಧ ಗಂಟೆ ಸಾಕು.

ಕಳೆದುಹೋದದ್ದರ ವಸೂಲಿ ಮತ್ತು ಬೆಂಗಳೂರಿನ ನಂಟು

150 ಕಿಲೋವಾಟ್‌ಗಳಲ್ಲಿ ಒಂದಷ್ಟನ್ನಾದರೂ ಮರಳಿ ಪಡೆಯಲಾಗದೇ ಎಂಬ ಪ್ರಶ್ನೆ ಸಹಜ. ಟರ್ಬೋಚಾರ್ಜರ್ ಮಾಡುವುದು ಇದನ್ನೇ. ಹೊರಹೋಗುವ ಅನಿಲದಿಂದ ಚಕ್ರವೊಂದನ್ನು ತಿರುಗಿಸಿ, ಅದರ ಬಲದಿಂದ ಒಳಬರುವ ಗಾಳಿಯನ್ನು ಒತ್ತಿ ತುಂಬಿಸುತ್ತದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯಗಳು ಅಭಿವೃದ್ಧಿಪಡಿಸಿದ ಹಂಸ-3 ತರಬೇತಿ ವಿಮಾನದಲ್ಲಿ ಆಸ್ಟ್ರಿಯಾದ ರೋಟ್ಯಾಕ್ಸ್ ಸಂಸ್ಥೆಯ 914 ಎಂಬ ಟರ್ಬೋ ಎಂಜಿನ್ನನ್ನು ಅಳವಡಿಸಲಾಗಿತ್ತು. 2021ರ ಸೆಪ್ಟೆಂಬರಿನಲ್ಲಿ ಮೊದಲು ಹಾರಿದ ಹಂಸ-ಎನ್‌ಜಿಯಲ್ಲಿ ಅದೇ ಸಂಸ್ಥೆಯ, ಟರ್ಬೋ ಇಲ್ಲದ, ಡಿಜಿಟಲ್ ಇಂಧನ ನಿಯಂತ್ರಣವುಳ್ಳ 912 ಐಎಸ್ ಎಂಜಿನ್ನಿದೆ. ಇವು ಸ್ವಯಂನಿರ್ಮಿತ ವಿಮಾನಗಳಲ್ಲದಿದ್ದರೂ ಜಗತ್ತಿನ ಅನೇಕ ಕಿಟ್ ವಿಮಾನಗಳಲ್ಲಿರುವುದು ಇದೇ ಕುಟುಂಬದ ಎಂಜಿನ್ನುಗಳು. ವಸೂಲಿಗೂ ವೆಚ್ಚವಿದೆಯೆಂಬುದನ್ನು ಮರೆಯಬಾರದು. ಟರ್ಬೋ ಇದ್ದಲ್ಲಿ ಬಿಸಿ ಹೆಚ್ಚು, ತೂಕ ಹೆಚ್ಚು, ಕವಚಗಳ ಅಗತ್ಯವೂ ಹೆಚ್ಚು.

ಕಿಟ್ ವಿಮಾನದ ವ್ಯಾಪಾರದಲ್ಲಿ ನೇರವಾಗಿ ಬೆಂಗಳೂರಿನ ಹೆಸರು ಕೇಳಿಬಂದಿರುವುದು ರಾಜ್ ಹಂಸ ಅಲ್ಟ್ರಾಲೈಟ್ಸ್ ಸಂಸ್ಥೆಯಿಂದ. ಅದರ 'ಎಕ್ಸ್-ಏರ್' ಕಿಟ್‌ಗಳನ್ನು ಫ್ರಾನ್ಸ್, ಬ್ರಿಟನ್ ಮುಂತಾದ ದೇಶಗಳ ಹವ್ಯಾಸಿಗಳು ಜೋಡಿಸಿ ಹಾರಿಸಿದ್ದಾರೆ. ಇವುಗಳಲ್ಲಿ ಬಳಕೆಯಲ್ಲಿದ್ದ ರೋಟ್ಯಾಕ್ಸ್ 582 ಎಂಬ ಎರಡು-ಸ್ಟ್ರೋಕ್ ಎಂಜಿನ್ನಿಗೆ ಎಕ್ಸಾಸ್ಟ್ ತಾಪಮಾನದ ಮಿತಿ 650 ಡಿಗ್ರಿ. ಇಲ್ಲಿ ಮಿಶ್ರಣ ತೆಳುವಾಗಿ ಈ ಮಿತಿ ಮೀರಿದರೆ ಪಿಸ್ಟನ್ ಕರಗಿ ತೂತಾಗುವುದು ಕೆಲವೇ ನಿಮಿಷಗಳ ಮಾತು. ನಾಲ್ಕು-ಸ್ಟ್ರೋಕ್ ಎಂಜಿನ್ನಿನಲ್ಲಿ ಸಲಹೆಯಂತಿರುವ ಅಂಕಿ ಇಲ್ಲಿ ಆಜ್ಞೆಯಾಗುತ್ತದೆ.

ಉದ್ದಿಮೆದಾರರು ಗಮನಿಸಬೇಕಾದುದು

ನಮ್ಮ ಬಹುಪಾಲು ಸದಸ್ಯರು ವಿಮಾನ ಕಟ್ಟುವವರಲ್ಲ. ಆದರೆ ಬಾಯ್ಲರು, ಕುಲುಮೆ, ಡೀಸೆಲ್ ಜನರೇಟರುಗಳು ಅನೇಕರಲ್ಲಿವೆ. ಅವುಗಳ ಹೊಗೆಕೊಳವೆಯಲ್ಲಿಯೂ ಇಂಧನದ ದೊಡ್ಡ ಪಾಲು ಹೊರಹೋಗುತ್ತಿರುತ್ತದೆ. ಆ ಬಿಸಿ ಎಷ್ಟು ಡಿಗ್ರಿ ಎಂದು ಅಳೆಯುವ ಒಂದು ಮೀಟರು ಇದೆಯೇ, ಸುತ್ತಿದ ಹೊದಿಕೆಯನ್ನು ಬಿಚ್ಚಿ ಕೊಳವೆಯನ್ನು ಕೊನೆಯ ಬಾರಿ ನೋಡಿದ್ದು ಯಾವಾಗ, ಜನರೇಟರ್ ಕೋಣೆಯ ಹೊಗೆ ಪಕ್ಕದ ಕೋಣೆಗೆ ನುಸುಳುತ್ತಿದೆಯೇ ಎಂಬ ಮೂರು ಪ್ರಶ್ನೆಗಳನ್ನು ಮಾಲೀಕರು ತಮ್ಮನ್ನು ಕೇಳಿಕೊಳ್ಳಬೇಕು. ಮುಚ್ಚಿದ ಕೋಣೆಯಲ್ಲಿ ಜನರೇಟರ್ ಓಡಿಸಿ ಪ್ರಾಣ ಕಳೆದುಕೊಂಡವರ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಅಪರೂಪವಲ್ಲ. ಅಲ್ಲಿ ಕೊಂದ ಅನಿಲವೂ ಮೇಲೆ ಹೇಳಿದ ಅನಿಲವೂ ಒಂದೇ.

ಎಂಜಿನ್ನು ಉಷ್ಣವನ್ನು ಉತ್ಪಾದಿಸದಿರಲು ಸಾಧ್ಯವಿಲ್ಲ. ಅದನ್ನು ಅಳೆದು, ಹೊರಹೋಗಲು ದಾರಿಮಾಡಿಕೊಟ್ಟು, ಆ ದಾರಿಯನ್ನು ವರ್ಷಕ್ಕೊಮ್ಮೆಯಾದರೂ ತೆರೆದು ನೋಡುವುದಷ್ಟೇ ನಮ್ಮ ಕೈಯಲ್ಲಿರುವುದು. ಲೆಕ್ಕಪತ್ರದ ವಿಷಯದಲ್ಲಿ ನನ್ನ ಕಕ್ಷಿದಾರರಿಗೆ ಹೇಳುತ್ತ ಬಂದಿರುವುದೂ ಇದನ್ನೇ. ಮಾರ್ಚ್ ತಿಂಗಳ ದಾಸ್ತಾನು ಎಣಿಕೆಯ ದಿನ ಗೋದಾಮಿನ ಜೊತೆಗೆ ಜನರೇಟರ್ ಕೋಣೆಯ ಬಾಗಿಲನ್ನೂ ಒಮ್ಮೆ ತೆರೆದು, ಸಾಬೂನಿನ ನೀರು ಹಿಡಿದು ಒಳಹೋಗುವಂತೆ ಸದಸ್ಯ ಮಿತ್ರರಲ್ಲಿ ವಿನಂತಿ.